ಸಿದ್ದು ಎಂಬ ಅಕೌಂಟಿಗೆ ಹಾಕಿದ ಮಿತಿ

ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನಗೆ ಫೋನ್ ಮಾಡುತ್ತಾರೆ. ‘ಸರ, ಒಂದು ಅಪ್ಲಿಕೇಶನ್ ಹೊರಗ ಕಳಸೂ ಡೇಟಾಕ್ಕ ಮಿತಿ ಹಾಕೂದು ಹೆಂಗ್ರಿ?’ ಎಂದು ಕೇಳುತ್ತಾರೆ. ಆಜ್ಞೆ ಹೇಳಿಕೊಡುವುದು ಎರಡು ನಿಮಿಷದ ಮಾತು. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಫೋನ್ ಹಿಡಿದುಕೊಂಡೇ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುತ್ತೇನೆ. ‘ಯಾರರೆ ಬೆನ್ನ ಹತ್ಯಾರೇನ್ರಿ, ಒಂದೀಟು ಕುಂಡರ್ರಿ’ ಎಂದು ಹೆಂಡತಿ ಜುಬೇದಾ ಬೈಯುತ್ತಾಳೆ. ಹೀಗೆ ಕೂರಲಾಗದಂತೆ ಮಾಡಿದ್ದು ಬಬಲೇಶ್ವರದ ಒಂದು ಪರೀಕ್ಷಾ ಕೇಂದ್ರ. ಅದರ ಕಥೆಯನ್ನೇ ಬರೆಯುತ್ತೇನೆ. ಬಡ್ತಿ, ಶಾಲು, ಹಾರ ಎಲ್ಲರಿಗೂ ಸಿಗುತ್ತವೆ, ಅವನ್ನು ಬಿಟ್ಟಿದ್ದೇನೆ.

ನಾನು ಮಕಾನದಾರ. ವಿಜಯಪುರದ ಒಂದು ಶಿಕ್ಷಣ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದೆ. ಸಂಸ್ಥೆಯ ಹೆಸರು ಬೇಡ. ನಾನು ಸೇರಿದ ಕಾಲದಲ್ಲಿ ಇಂಟರ್ನೆಟ್ ವೇಗಕ್ಕೆ ಮಿತಿ ಹಾಕುವುದೆಂದರೆ ಎದ್ದು ಹೋಗಿ ವೈರ್ ಕೀಳುವುದು. ಪ್ರಾಚಾರ್ಯರ ಕೋಣೆಯಲ್ಲಿ ಈಮೇಲ್ ತೆರೆಯಲಿಲ್ಲ ಎಂದರೆ ನಾನು ವರಾಂಡದುದ್ದಕ್ಕೂ ಓಡುತ್ತ, ಯಾರು ಏನು ಡೌನ್‌ಲೋಡ್ ಮಾಡುತ್ತಿದ್ದಾರೆ ಎಂದು ಒಂದೊಂದೇ ಬಾಗಿಲಲ್ಲಿ ಇಣುಕುತ್ತಿದ್ದೆ. ಸಿಕ್ಕವನ ವೈರ್ ಕಿತ್ತರೆ ಈಮೇಲ್ ತೆರೆಯುತ್ತಿತ್ತು. ಅವನು ನನ್ನ ಜೊತೆ ಎರಡು ದಿನ ಮಾತು ಬಿಡುತ್ತಿದ್ದ.

ಆಮೇಲೆ ವರ್ಚುಯಲ್ ಸರ್ವರ್ ಬಂತು. ಎಲ್ಲೋ ದೂರದೂರಿನಲ್ಲಿ ಒಂದು ದೊಡ್ಡ ಯಂತ್ರ ಇರುತ್ತದೆ. ಅದನ್ನು ತಂತ್ರಾಂಶದಿಂದಲೇ ಹತ್ತಾರು ಪಾಲು ಮಾಡಿ ಒಂದೊಂದನ್ನು ಒಬ್ಬೊಬ್ಬರಿಗೆ ಬಾಡಿಗೆ ಕೊಡುತ್ತಾರೆ. ಅದರಲ್ಲಿ ಒಂದು ಪಾಲು ನಮ್ಮದು. ಅಲ್ಲಿಂದ ಹೊರಗೆ ಹೋಗುವ ಡೇಟಾಕ್ಕೆ ಸೆಕೆಂಡಿಗೆ ಇಪ್ಪತ್ತು ಮೆಗಾಬಿಟ್ಟಿನ ದಾರಿ. ಎದ್ದು ಹೋಗಿ ಕೀಳೋಣವೆಂದರೆ ಕೈಗೆ ಸಿಗುವ ವೈರೇ ಇಲ್ಲ. ಎಲ್ಲವನ್ನೂ ಕೂತು ಬರೆದೇ ಮಾಡಬೇಕು. ನನ್ನಂಥ ಚಡಪಡಿಸುವ ಮನುಷ್ಯನಿಗೆ ಅದು ಒಗ್ಗಲು ಬಹಳ ದಿನ ಹಿಡಿಯಿತು.

ನಮ್ಮ ಸಂಸ್ಥೆ ಶಿಶುವಿಹಾರದ ಶಿಕ್ಷಕಿಯರಿಗೆ ಒಂದು ವರ್ಷದ ತರಬೇತಿ ನಡೆಸುತ್ತಿತ್ತು. ಅದಕ್ಕೆ ಸೇರುತ್ತಿದ್ದವರಲ್ಲಿ ಬಹುಪಾಲು ಮದುವೆಯಾದ ಹೆಣ್ಣುಮಕ್ಕಳು. ಮೊದಲು ಪರೀಕ್ಷೆ ಬರೆಯಲು ಎಲ್ಲರೂ ವಿಜಯಪುರಕ್ಕೇ ಬರಬೇಕಿತ್ತು. ಬಬಲೇಶ್ವರದ ನಮ್ಮ ಶಾಲೆಯಲ್ಲಿ ಶಾಂತಾ ಬಿರಾದಾರ ಎಂಬ ಶಿಕ್ಷಕಿ ಇದ್ದರು. ಮೆತ್ತಗೆ ಮಾತಾಡುವ, ಹಿಡಿದದ್ದನ್ನು ಬಿಡದ ಹೆಂಗಸು. ಎರಡು ವರ್ಷ ಅರ್ಜಿ ಕೊಟ್ಟು ಕೊಟ್ಟು ತಮ್ಮ ಊರಿಗೆ ಒಂದು ಕೇಂದ್ರ ಮಾಡಿಸಿಕೊಂಡರು. ಅದನ್ನು ನೋಡಿ ತಿಕೋಟಾಕ್ಕೂ ಒಂದು ಕೊಟ್ಟರು. ‘ಹಾಲು ಕುಡಿಯೂ ಕೂಸು ಇದ್ದಾಕಿ ಮೊದಲನೇ ಬಸ್ಸಿಗೆ ಹೆಂಗ್ ಹೊಂಡಬೇಕ್ರಿ? ಊರಾಗಿದ್ರ ಅತ್ತಿ ಕೂಸಿನ್ನ ಹೊರಗ ಹಿಡಕೊಂಡು ಕುಂಡರ್ತಾಳ’ ಎಂದು ಅವರು ಸಭೆಯಲ್ಲಿ ಹೇಳಿದ್ದು ನನಗೆ ನೆನಪಿದೆ. ಬಬಲೇಶ್ವರದಲ್ಲಿ ಇಪ್ಪತ್ತಾರು ಜನ ಹೆಸರು ಬರೆಸಿದರು.

ಪ್ರಶ್ನೆಪತ್ರಿಕೆ ನಮ್ಮ ಸರ್ವರಿನಿಂದ ಕೇಂದ್ರಗಳಿಗೆ ಹೋಗುತ್ತಿತ್ತು. ಪರೀಕ್ಷೆ ಹತ್ತೂವರೆಗೆ ಇದ್ದರೆ ಒಂಬತ್ತೂವರೆಗೆ ಬೀಗ ತೆರೆಯುತ್ತದೆ, ಕೇಂದ್ರದವರು ಇಳಿಸಿಕೊಂಡು ಪ್ರಿಂಟ್ ತೆಗೆಯಬೇಕು. ಅದೇ ಸರ್ವರಿನಲ್ಲಿ ಪಾಠದ ವಿಡಿಯೊಗಳೂ ಇದ್ದವು. ಪರೀಕ್ಷೆಯ ದಿನ ಬೆಳಗ್ಗೆ ಎಲ್ಲರೂ ಮೊಬೈಲಿನಲ್ಲಿ ಕೊನೆಯ ಸಲ ವಿಡಿಯೊ ತಿರುವಿ ಹಾಕುತ್ತಾರಲ್ಲ, ಇಪ್ಪತ್ತು ಮೆಗಾಬಿಟ್ಟನ್ನೂ ವಿಡಿಯೊಗಳೇ ನುಂಗಿಬಿಡುತ್ತಿದ್ದವು. ಮೊದಲನೆಯ ವರ್ಷ ಬಬಲೇಶ್ವರಕ್ಕೆ ಪ್ರಶ್ನೆಪತ್ರಿಕೆ ಇಪ್ಪತ್ತು ನಿಮಿಷ ತಡವಾಗಿ ಮುಟ್ಟಿತು.

ನಮ್ಮ ಆಡಳಿತಾಧಿಕಾರಿ ದೇಸಾಯಿ ಸರ್ ಕೆಟ್ಟವರಲ್ಲ. ಆದರೆ ಅವರಿಗೆ ಓದಲು ಪುರಸೊತ್ತಿರಲಿಲ್ಲ. ಯಾವ ವರದಿ ಆದರೂ ಒಂದು ಸಾಲಿನಲ್ಲಿ ಇರಬೇಕು, ಎರಡನೆಯ ಸಾಲು ಕಂಡರೆ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಆ ವರ್ಷ ಬಿರಾದಾರ ಟೀಚರನ್ನೂ ನನ್ನನ್ನೂ ಒಟ್ಟಿಗೆ ಕರೆಸಿದರು.

‘ಇನ್ನೊಮ್ಮೆ ತಡ ಆತಂದ್ರ ಬಬಲೇಶ್ವರ ಕೇಂದ್ರ ಬಂದ್. ಎಲ್ಲಾರೂ ಇಲ್ಲೇ ಬಂದು ಬರೀಲಿ’ ಎಂದರು.

‘ಆಗಂಗಿಲ್ರಿ ಸರ, ನಾ ನೋಡ್ಕೋತೇನಿ’ ಎಂದು ನಾನೇ ಮಾತು ಕೊಟ್ಟೆ. ಹೊರಗೆ ಬಂದ ಮೇಲೆ ಬಿರಾದಾರ ಟೀಚರ್ ಕೈ ಮುಗಿದು ಹೋದರು. ಆ ಕೇಂದ್ರ ಉಳಿಯುವುದು ಬಿಡುವುದು ಅಲ್ಲಿಂದ ನನ್ನ ಕೈಗೆ ಬಂತು.

ವಿಡಿಯೊ ಬಂದ್ ಮಾಡಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಓದುವವರಿಗೆ ಅದು ಬೇಕಾಗುವುದೇ ಆ ಒಂದು ತಾಸು. ಅದಕ್ಕೇ ಬಂದ್ ಮಾಡದೆ ಮಿತಿ ಹಾಕುವುದೆಂದು ತೀರ್ಮಾನಿಸಿದೆ. ವಿಡಿಯೊಗೆ ನಾಲ್ಕು ಮೆಗಾಬಿಟ್, ಉಳಿದ ಹದಿನಾರು ಬೇರೆಲ್ಲದಕ್ಕೆ.

ಮೊದಲನೆಯ ಪ್ರಯತ್ನದಲ್ಲಿ ಮಿತಿಯನ್ನು ವಿಡಿಯೊಗೆ ಹಾಕುವ ಬದಲು ಇಡೀ ಸರ್ವರಿಗೆ ಹಾಕಿಬಿಟ್ಟೆ, ಅದೂ ಪರೀಕ್ಷಿಸಲೆಂದು ತೀರಾ ಸಣ್ಣ ಮಿತಿ. ಇಲ್ಲಿ ಕೂತು ನಾನು ಅಲ್ಲಿಗೆ ಬರೆಯುವುದಕ್ಕೆ ಬರುವ ಉತ್ತರವೂ ಹೊರಹೋಗುವ ಡೇಟಾನೇ ಎಂಬುದು ತಲೆಗೆ ಹೊಳೆದಿರಲಿಲ್ಲ. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಅಕ್ಷರ ಯಾವುದೆಂದು ಮರೆತುಹೋಗುತ್ತಿತ್ತು. ತೆಗೆಯುವ ಆಜ್ಞೆ ಬರೆದು ಮುಗಿಸಲು ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತು ಪ್ರವೇಶದ ಅರ್ಜಿ ತುಂಬುವವರು ನನಗೆ ಹಾಕಿದ ಶಾಪ ಇನ್ನೂ ತಾಗುತ್ತಿರಬೇಕು.

ಎರಡನೆಯದು ಅದಕ್ಕಿಂತ ನಾಚಿಕೆಗೇಡು. ಮಿತಿ ಹಾಕುವ ತಂತ್ರಾಂಶದಲ್ಲಿ ‘ಎಂಬಿಪಿಎಸ್’ ಎಂದು ಬರೆದರೆ ಅದು ಮೆಗಾಬಿಟ್ ಎಂದು ತಿಳಿಯುವುದಿಲ್ಲ, ಮೆಗಾಬೈಟ್ ಎಂದು ತಿಳಿಯುತ್ತದೆ. ಒಂದು ಬೈಟಿಗೆ ಎಂಟು ಬಿಟ್. ನಾಲ್ಕಕ್ಕೆ ಹಾಕಿದ ಮಿತಿ ಮೂವತ್ತೆರಡಾಗಿ ಕೂತಿತ್ತು, ನಮ್ಮ ದಾರಿಯೇ ಇಪ್ಪತ್ತು. ಅಂದರೆ ಮಿತಿಯೇ ಇಲ್ಲ. ಒಂದು ವಾರ ಎಲ್ಲರ ಮುಂದೆ ‘ಮಿತಿ ಹಾಕೀನಿ’ ಎಂದು ಮೀಸೆ ತಿರುವಿಕೊಂಡು ಅಡ್ಡಾಡಿದೆ. ಬಿಟ್ ಬೇಕಾದರೆ ಬಿಟ್ ಎಂದೇ ಬಿಡಿಸಿ ಬರೆಯಬೇಕು, ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಮೂರನೆಯ ಸಲ ದಾರಿ ಸರಿ ಸಿಕ್ಕಿತು. ಸರ್ವರಿನಲ್ಲಿ ಪ್ರತಿಯೊಂದು ಪ್ರೋಗ್ರಾಮ್ ಯಾವುದಾದರೂ ಒಂದು ಅಕೌಂಟಿನ ಹೆಸರಲ್ಲಿ ಓಡುತ್ತದೆ. ಆ ಅಕೌಂಟಿನಿಂದ ಹೊರಬೀಳುವ ಡೇಟಾಕ್ಕೆಲ್ಲ ಒಂದು ಗುರುತು ಹಾಕಿಸಿ, ಗುರುತು ಇದ್ದದ್ದನ್ನು ಮಾತ್ರ ನಾಲ್ಕು ಮೆಗಾಬಿಟ್ಟಿನ ಸಣ್ಣ ದಾರಿಗೆ ತಿರುಗಿಸಬಹುದು. ವಿಡಿಯೊ ನೋಡಿಕೊಳ್ಳುವವನು ನಮ್ಮ ಅರಕೇರಿಯ ಸಿದ್ದು. ಅವನಿಗೆಂದು ನಾನೇ ಮಾಡಿಕೊಟ್ಟ ಅಕೌಂಟಿನ ಹೆಸರೂ ‘ಸಿದ್ದು’. ಆ ಸಿದ್ದುಗೆ ಮಿತಿ ಹಾಕಿದೆ. ಭಾನುವಾರ ಪರೀಕ್ಷಿಸಿದೆ. ನಾಲ್ಕು ಮೊಬೈಲಿನಲ್ಲಿ ವಿಡಿಯೊ ಹಚ್ಚಿದರೆ ತಡವರಿಸುತ್ತ ಓಡಿದವು, ನನ್ನ ಸ್ವಂತ ಅಕೌಂಟಿನಿಂದ ಕಳಿಸಿದ ದೊಡ್ಡ ಫೈಲು ಕ್ಷಣದಲ್ಲಿ ಬಂದು ಬಿತ್ತು. ಖುಷಿಗೆ ಸಿದ್ಧೇಶ್ವರ ಗುಡಿಯ ಮುಂದಿನ ಬಜಾರಕ್ಕೆ ಹೋಗಿ ಎರಡು ತಟ್ಟೆ ಮಿರ್ಚಿ ಭಜಿ ತಿಂದು ಬಂದೆ.

ಪರೀಕ್ಷೆಯ ದಿನ ಒಂಬತ್ತಕ್ಕೇ ಕುರ್ಚಿಯಲ್ಲಿದ್ದೆ. ಒಂಬತ್ತೂವರೆಗೆ ಬೀಗ ತೆರೆಯಿತು. ತಿಕೋಟಾದವರು ಗಡಿಯಾರ ನೋಡಿಕೊಂಡು ಕೂತಿದ್ದವರು, ಮೊದಲನೆಯ ನಿಮಿಷಕ್ಕೇ ಶುರುಮಾಡಿಕೊಂಡರು. ಹತ್ತು ಗಂಟೆಗೆ ಬಬಲೇಶ್ವರದ ಫೋನ್ ಬಂತು.

‘ಸರ, ನಾ ಬಿರಾದಾರ ರಿ. ಪ್ರಶ್ನೆಪತ್ರಿಕಿ ನೂರಕ್ಕ ಮೂವತ್ತರ ತನಕ ಬಂದು ನಿಂತೈತ್ರಿ. ಆಮ್ಯಾಲ ಕಟ್ ಆಗಿ ಮತ್ತ ಸೊನ್ನೆದಿಂದ ಶುರು ಆಗಾಕತ್ತೈತಿ.’

‘ನಿಮ್ಮ ಕಡೆ ನೆಟ್ ನೋಡ್ರಿ ಟೀಚರ್. ನಮ್ಮ ಕಡೆ ಎಲ್ಲಾ ಬರೋಬರಿ ಐತಿ.’

‘ನೋಡೀನ್ರಿ. ಬ್ಯಾರೆ ವೆಬ್‌ಸೈಟ್ ಎಲ್ಲಾ ಜಲ್ದಿ ತೆರಿತಾವು.’

‘ಹಂಗಾದ್ರ ಮೊಬೈಲ್ ನೆಟ್ಟಿನ ಡಾಂಗಲ್ ಹಚ್ಚಿ ಮಾಳಿಗಿ ಮ್ಯಾಲ ಹೋಗಿ ನೋಡ್ರಿ.’

ಅವರು ಮಾಳಿಗೆ ಹತ್ತಿದರು. ಬಿಸಿಲಿಗೆ ಪರದೆ ಕಾಣುತ್ತಿಲ್ಲವೆಂದು ಸಿಪಾಯಿ ಕೊಡೆ ಹಿಡಿದನಂತೆ. ಹತ್ತೂಕಾಲಿಗೆ ಮತ್ತೆ ಫೋನ್. ‘ವಾಟ್ಸಾಪಿಗೆ ಹಾಕಾಕ ಬರ್ತೈತೇನ್ರಿ?’ ಎಂದು ಕೇಳಿದರು. ನಿಯಮ ಒಪ್ಪುವುದಿಲ್ಲ ಎಂದೆ. ಹತ್ತೂವರೆಗೆ ಇನ್ನೊಮ್ಮೆ. ‘ಹೆಣ್ಮಕ್ಕಳು ಕುಂತಾರ್ರಿ ಸರ. ಕೂಸುಗೊಳು ಹೊರಗ ಅಳಾಕತ್ತಾವು.’ ಅವರ ಉಸಿರು ಏರಿತ್ತು. ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದರು. ನಾನು ಇಲ್ಲಿ ಕುರ್ಚಿ ಬಿಟ್ಟೆದ್ದು ಕಿಟಕಿಗೆ ಹೋಗುವುದು, ಕಿಟಕಿಯಿಂದ ಕುರ್ಚಿಗೆ ಬರುವುದು ನಡೆಸಿದ್ದೆ.

ಹೊರಹೋಗುವ ಡೇಟಾದ ಗ್ರಾಫ್ ನನ್ನ ಮುಂದೆಯೇ ಇತ್ತು. ನಾಲ್ಕು ಮೆಗಾಬಿಟ್ಟಿನ ಹತ್ತಿರ ಸಪಾಟಾದ ಒಂದು ಗೆರೆ. ಬೆಳಗಿನಿಂದ ಅದನ್ನು ನೋಡಿ ನೋಡಿ ಹಿಗ್ಗಿದ್ದೆ, ನಾನು ಹಾಕಿದ ಮಿತಿ ಎಷ್ಟು ಚೆನ್ನಾಗಿ ಹಿಡಿದಿದೆ ಎಂದು. ಹತ್ತೂಮುಕ್ಕಾಲಿನ ಹೊತ್ತಿಗೆ ಒಂದು ಸಣ್ಣ ಮಾತು ತಲೆಗೆ ಬಂತು. ಪ್ರಶ್ನೆಪತ್ರಿಕೆಯೂ ಹೊರಗೆ ಹೋಗುತ್ತಿದ್ದರೆ ಗೆರೆ ನಾಲ್ಕರ ಮೇಲೆ ಏಳಬೇಕಿತ್ತಲ್ಲ? ಹದಿನಾರು ಮೆಗಾಬಿಟ್ ಖಾಲಿ ಬಿದ್ದಿದೆ, ಆದರೆ ಬಬಲೇಶ್ವರಕ್ಕೆ ಏನೂ ಹೋಗುತ್ತಿಲ್ಲ. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದೆ. ವಿಡಿಯೊದ ಮುಂದೆ ‘ಸಿದ್ದು’ ಎಂದಿತ್ತು. ಪ್ರಶ್ನೆಪತ್ರಿಕೆಯ ಪ್ರೋಗ್ರಾಮಿನ ಮುಂದೆಯೂ ‘ಸಿದ್ದು’ ಎಂದಿತ್ತು.

ಊರದೇವರು ಸಿದ್ಧೇಶ್ವರನ ಹೆಸರಿಡದ ಮನೆ ನಮ್ಮಲ್ಲಿ ಕಡಿಮೆ. ಬಜಾರದಲ್ಲಿ ನಿಂತು ‘ಸಿದ್ದು’ ಎಂದು ಕೂಗಿದರೆ ನಾಲ್ಕು ಜನ ಹೊರಳಿ ನೋಡುತ್ತಾರೆ. ನಮ್ಮ ವಿಭಾಗದಲ್ಲೂ ಇಬ್ಬರಿದ್ದರು. ವಿಡಿಯೊದವನು ಅರಕೇರಿಯ ಸಿದ್ದು, ಪ್ರಶ್ನೆಪತ್ರಿಕೆಯ ಪ್ರೋಗ್ರಾಮ್ ಬರೆದವನು ಇಟ್ಟಂಗಿಹಾಳದ ಸಿದ್ದು. ಇಟ್ಟಂಗಿಹಾಳದವನನ್ನು ಕೂಗಿ ಕರೆದೆ.

‘ಏ ಸಿದ್ದು, ನೀ ಆ ಅಕೌಂಟಿನ್ಯಾಗ ಯಾಕ ಹಾಕೀಯೋ?’

‘ಅದು ನಂದ ಅಲ್ರೇನ್ರಿ ಸರ? ನನ್ನ ಹೆಸರ ಐತಲ್ರಿ.’

‘ನಿಂದು ಅಂತ ಯಾರ್ ಹೇಳಿದ್ರು?’

‘ನೀವ ಪಾಸ್‌ವರ್ಡ್ ಕೊಟ್ಟೀರಲ್ರಿ, ಫೋನಿನ್ಯಾಗ.’

ಆಗ ನೆನಪಾಯಿತು. ಅವನು ಹೊಸದಾಗಿ ಸೇರಿದ ವಾರ ಯಾರೋ ಫೋನ್ ಮಾಡಿ, ‘ಸರ, ಸಿದ್ದು ಮಾತಾಡಾಕತ್ತೇನಿ, ಸರ್ವರ್ ಪಾಸ್‌ವರ್ಡ್ ಬೇಕಾಗಿತ್ರಿ’ ಎಂದಿದ್ದರು. ಅರಕೇರಿಯವನು ಮತ್ತೆ ಮರೆತನೆಂದುಕೊಂಡು ನಾಲ್ಕು ಮಾತು ಬೈದು ಪಾಸ್‌ವರ್ಡ್ ಹೇಳಿದ್ದೆ. ಇಟ್ಟಂಗಿಹಾಳದವನು ಪಾಪ, ಹೊಸ ನೌಕರಿಯಲ್ಲಿ ಬೈಸಿಕೊಳ್ಳುವುದೂ ಒಂದು ರೂಢಿ ಇರಬೇಕೆಂದು ಸುಮ್ಮನಾಗಿದ್ದನಂತೆ. ಆ ಅಕೌಂಟಿನಲ್ಲೇ ತನ್ನ ಪ್ರೋಗ್ರಾಮ್ ಕೂರಿಸಿದ್ದ. ನಾನು ಯಾವುದನ್ನು ಉಳಿಸಲು ಮಿತಿ ಹಾಕಿದ್ದೆನೋ ಅದನ್ನೇ ನೂರಾರು ವಿಡಿಯೊಗಳ ಜೊತೆ ಆ ಸಣ್ಣ ದಾರಿಯೊಳಗೆ ತುರುಕಿದ್ದೆ.

ಹನ್ನೊಂದು ಗಂಟೆಗೆ ಮಿತಿ ತೆಗೆದೆ. ಗೆರೆ ಚಿಮ್ಮಿ ಮೇಲೆ ಹೋಯಿತು. ಬಬಲೇಶ್ವರದಲ್ಲಿ ಹನ್ನೊಂದೂ ಇಪ್ಪತ್ತಕ್ಕೆ ಪರೀಕ್ಷೆ ಶುರುವಾಯಿತು. ತಿಕೋಟಾದವರಿಗೆ ಹತ್ತೂ ಇಪ್ಪತ್ತೈದಕ್ಕೆ ಹೇಗೋ ಸಿಕ್ಕಿತ್ತು, ಅವರು ಬಚಾವಾದರು. ‘ಬಂತ್ರಿ ಸರ, ಮಾಳಿಗಿ ಮ್ಯಾಲ ಹಿಡೀತು’ ಎಂದು ಬಿರಾದಾರ ಟೀಚರ್ ಫೋನ್ ಮಾಡಿದರು. ‘ಹೂಂ, ಚಲೋ ಆತು’ ಎಂದೆ. ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ.

ಮಧ್ಯಾಹ್ನ ದೇಸಾಯಿ ಸರ್ ಕರೆಸಿದರು.

‘ಏನಾಗಿತ್ತು? ಒಂದ ಸಾಲು.’

‘ಸರ, ಅದು ನಮ್ಮ ಸರ್ವರಿನ್ಯಾಗ...’

‘ತಡೀರಿ. ನಮ್ಮ ಸರ್ವರ್ ಅಂತ ಬರದ್ರ ತಿಕೋಟಾದವ್ರೂ ಕೇಳ್ತಾರ, ಇಲ್ಲಿನವ್ರೂ ಕೇಳ್ತಾರ. ಪರೀಕ್ಷಾ ಎಲ್ಲಾರಿಗೂ ಹೊಳ್ಳಿ ಮಾಡಬೇಕಾಕ್ಕತಿ. ತಡ ಆದದ್ದು ಎಲ್ಲಿ?’

‘ಬಬಲೇಶ್ವರದಾಗ್ರಿ.’

‘ಅಷ್ಟ ಬರೀರಿ.’

ನಾನು ಬರೆದೆ: ‘ಬಬಲೇಶ್ವರ ಕೇಂದ್ರದಲ್ಲಿ ನೆಟ್‌ವರ್ಕ್ ದೋಷದಿಂದ ವಿಳಂಬ.’ ಸುಳ್ಳು ಬರೆದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಿಳಂಬ ಆದದ್ದು ಬಬಲೇಶ್ವರದಲ್ಲೇ. ಸರ್ವರಿನ ಮಿತಿ ತಪ್ಪಿದ್ದೂ ನೆಟ್‌ವರ್ಕ್ ದೋಷವೇ. ಆದರೆ ಆ ಒಂದು ‘ದಲ್ಲಿ’ ವಿಳಂಬಕ್ಕೂ ಅಂಟಿತು, ದೋಷಕ್ಕೂ ಅಂಟಿತು. ಓದಿದವರೆಲ್ಲ ದೋಷ ಇದ್ದದ್ದು ಬಬಲೇಶ್ವರದಲ್ಲಿ ಎಂದೇ ಓದಿದರು. ಹಾಗೆ ಓದಲಿ ಎಂದೇ ನಾನು ಬರೆದಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಹೆದರಿದ್ದೆ. ಕೆಳಗೆ ಸಹಿ ಹಾಕಿ, ಹುದ್ದೆಯ ಮೊಹರು ಒತ್ತಿದೆ.

ಮುಂದಿನ ಸಭೆಯಲ್ಲಿ ಐದು ನಿಮಿಷಕ್ಕೆ ಕೇಂದ್ರ ಮುಚ್ಚಿತು. ಮರುವರ್ಷ ಬಬಲೇಶ್ವರದ ಕಡೆಯವರು ಒಂಬತ್ತೇ ಜನ ವಿಜಯಪುರಕ್ಕೆ ಬಂದು ಪರೀಕ್ಷೆ ಬರೆದರು. ಉಳಿದವರು ಏನಾದರು ಎಂದು ಯಾರೂ ಕೇಳಲಿಲ್ಲ. ನಾನು ಕೆಲಸದಲ್ಲಿ ಮಾತ್ರ ಬಹಳ ಶಿಸ್ತಿನವನಾದೆ. ಅಕೌಂಟಿಗೆ ಮನುಷ್ಯರ ಹೆಸರು ಇಡುವುದನ್ನು ನಿಲ್ಲಿಸಿದೆ. ಈಗ ಅಲ್ಲಿ ‘ವಿಡಿಯೊ’ ಎಂದಿದೆ, ‘ಪ್ರಶ್ನೆಪತ್ರಿಕೆ’ ಎಂದಿದೆ. ಮಿತಿ ಹಾಕುವ ಮುಂಚೆ ಆ ಅಕೌಂಟಿನಲ್ಲಿ ಏನೇನು ಓಡುತ್ತಿದೆ ಎಂದು ಪಟ್ಟಿ ತೆಗೆಸಿ ಇಬ್ಬರಿಂದ ಓದಿಸುತ್ತಿದ್ದೆ. ನಾಲ್ಕೇ ಎಂದು ಬಿಗಿ ಹಿಡಿಯದೆ, ಉಳಿದವರಿಗೆ ಬೇಡವಾದಾಗ ಅವರ ಪಾಲನ್ನು ವಿಡಿಯೊ ಕಡ ತೆಗೆದುಕೊಳ್ಳಲಿ, ಅವರಿಗೆ ಬೇಕಾದೊಡನೆ ಬಿಡಲಿ ಎಂಬ ವ್ಯವಸ್ಥೆ ಮಾಡಿದೆ. ಎಲ್ಲರೂ ಹೊಗಳಿದರು. ಹೊಗಳಿಕೆ ಕೇಳಿದಷ್ಟೂ ನಿದ್ದೆ ಕೆಡುತ್ತಿತ್ತು. ಎರಡು ಸಲ ಬಬಲೇಶ್ವರದ ಬಸ್ಸು ಹತ್ತಿದೆ. ಒಮ್ಮೆ ಅರ್ಧ ದಾರಿಗೇ ಇಳಿದೆ. ಇನ್ನೊಮ್ಮೆ ಬಬಲೇಶ್ವರದ ನಿಲ್ದಾಣದಲ್ಲಿ ಚಹಾ ಕುಡಿದು ಅದೇ ಬಸ್ಸಿಗೆ ಹಿಂದಿರುಗಿದೆ.

ಆ ಕೇಂದ್ರ ಇದನ್ನು ಬರೆಯುತ್ತಿರುವ ಹೊತ್ತಿಗೂ ತೆರೆದಿಲ್ಲ.

ನನ್ನ ನಿವೃತ್ತಿಯ ಸಮಾರಂಭ ಆದ ಮರುದಿನ ಬೆಳಗ್ಗೆ ಬಿರಾದಾರ ಟೀಚರ್ ಮನೆ ಹುಡುಕಿಕೊಂಡು ಬಂದರು. ಹಿಂದಿನ ದಿನ ಶಾಲೆ ಬಿಟ್ಟು ಬರಲಾಗಲಿಲ್ಲವಂತೆ. ತಿಕೋಟಾದಲ್ಲಿರುವ ತಮ್ಮನ ತೋಟದ ಒಣದ್ರಾಕ್ಷಿಯ ಚೀಲವೊಂದನ್ನು ಜುಬೇದಾಳ ಕೈಗೆ ಕೊಟ್ಟು ಕೂತರು. ಅದೂ ಇದೂ ಮಾತಾಡಿ ಕೊನೆಗೆ ಅಂದರು:

‘ಸರ, ಒಂದು ಮಾತು ಹೇಳಬೇಕಂತ ಬಂದೇನ್ರಿ. ಅವತ್ತ ನಮ್ಮೂರಿನ ನೆಟ್‌ನಿಂದ ನಿಮಗ ಭಾಳ ತ್ರಾಸ ಆತು. ನೀವು ದೇಸಾಯಿ ಸರಿಗೆ ಮಾತು ಕೊಟ್ಟಿದ್ರಿ, ನಾವು ನಿಮ್ಮ ಮಾತು ಕೆಡಿಸಿದ್ವಿ. ಮನಸಿಗೆ ಹಚ್ಕೋಬ್ಯಾಡ್ರಿ.’

ಅವರೇ ಮುಂದುವರಿಸಿದರು. ಎರಡು ವರ್ಷದಿಂದ ಓಡಾಡಿ ಶಾಲೆಗೆ ಹೊಸ ಕೇಬಲ್ ಎಳೆಸಿದ್ದರಂತೆ. ಮೊಬೈಲ್ ಕಂಪನಿಯವರನ್ನು ಮೂರು ಸಲ ಕರೆಸಿ ಟವರ್ ನೋಡಿಸಿದ್ದರಂತೆ. ದೋಷ ಏನೂ ಸಿಗಲಿಲ್ಲ ಎಂದು ಅವರು ಬರೆದುಕೊಟ್ಟದ್ದನ್ನು ಸಭೆಗೆ ಒಯ್ದರೆ, ‘ನಮ್ಮ ಕಂಪ್ಯೂಟರ್ ವಿಭಾಗದ್ದ ವರದಿ ಐತಿ, ದೋಷ ನಿಮ್ಮಲ್ಲೇ ಐತಿ’ ಎಂದು ಹಿಂದೆ ಕಳಿಸುತ್ತಿದ್ದರಂತೆ.

‘ಇಲ್ಲದ ದೋಷಾನ ಎಲ್ಲಿ ಹುಡಕಲಿ ಅನ್ನೂದ ನನಗ ತಿಳಿವಲ್ದು’ ಎಂದರು.

‘ಅದು ನಿಮ್ಮಲ್ಲಿ ಇರಲಿಲ್ಲ ಟೀಚರ್’ ಎಂದೆ. ಮಿತಿ, ಅಕೌಂಟು, ಇಬ್ಬರು ಸಿದ್ದು, ಆ ಒಂದು ಸಾಲು, ಎಲ್ಲವನ್ನೂ ಹೇಳಿದೆ. ಹೇಳುವಾಗ ಮೂರು ಸಲ ಎದ್ದು ಕೂತೆ. ಅವರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

‘ಯಾವಾಗಿಂದ ಗೊತ್ತಿತ್ರಿ?’

‘ಅವತ್ತ ಹನ್ನೊಂದು ಗಂಟೆದಿಂದ.’

‘ನಾ ಮಾಳಿಗಿ ಮ್ಯಾಲಿದ್ದಾಗ?’

‘ಹೂಂ.’

‘ಇದನ್ನ ಬರದ ಕೊಡ್ರಿ ಸರ’ ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅವಸರ ಇತ್ತು. ಆ ತಿಂಗಳ ಕೊನೆಗೆ ಮತ್ತೆ ಸಭೆ ಇತ್ತು.

ನಾನು ಎರಡು ಪುಟ ಬರೆದೆ. ತಪ್ಪು ಯಾರದು, ಎಲ್ಲಿ ಆದದ್ದು, ಎಷ್ಟು ಗಂಟೆಗೆ ಗೊತ್ತಾದದ್ದು, ಒಂದನ್ನೂ ಬಿಡಲಿಲ್ಲ. ಕೆಳಗೆ ಸಹಿ ಹಾಕಿ ಕೊಟ್ಟೆ. ಅವರು ನಿಧಾನವಾಗಿ ಓದಿದರು. ಕೊನೆಗೆ ಬಂದು ಸಹಿಯ ಕೆಳಗೆ ಬೆರಳಿಟ್ಟರು.

‘ಇಲ್ಲಿ ಹುದ್ದೆ ಹಾಕಿಲ್ಲಲ್ರಿ ಸರ. ಮೊಹರೂ ಇಲ್ಲ.’

‘ನಿನ್ನೆಗೆ ನೌಕರಿ ಮುಗೀತಲ್ರಿ ಟೀಚರ್. ಈಗ ಹಾಕಾಕ ಬರೂದಿಲ್ಲ.’

ಅವರು ಕಾಗದವನ್ನು ಎರಡು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟುಕೊಂಡರು. ಸೆರಗು ಸರಿಮಾಡಿಕೊಂಡು ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ತಲೆ ಎತ್ತದೆ ಹೇಳಿದರು:

‘ನಿನ್ನೆ ಬರದ ಕೊಟ್ಟಿದ್ರ ನಡೀತಿತ್ರಿ ಸರ.’